ಪ್ಯಾಡಲ್‌ಬೋರ್ಡಿನ ಲೀಶ್: ಕಾಲಿಗೋ, ಸೊಂಟಕ್ಕೋ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿರುವವರು. ಊರು ಮುಲ್ಕಿಯ ಹತ್ತಿರ, ಹಿತ್ತಲು ದಾಟಿದರೆ ಶಾಂಭವಿ ಹೊಳೆ. ಈಚೆಗೆ, ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಪ್ಯಾಡಲ್‌ಬೋರ್ಡ್ ಒಂದನ್ನು ಕೊಂಡಿದ್ದೇನೆ. ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ. ದೀಪಾವಳಿ ರಜೆಯಲ್ಲಿ ನಾನೂ ಹದಿನಾಲ್ಕು ವರ್ಷದ ಮಗಳೂ ಹೊಳೆಯಲ್ಲಿ ಕಲಿಯಬೇಕೆಂದಿದ್ದೇವೆ. ಆಮೇಲೆ ಮೈಸೂರಿನ ಬಳಿ ಕಾವೇರಿಯಲ್ಲಿ ಹೋಗುವ ಆಸೆಯೂ ಇದೆ. ಬೋರ್ಡಿನೊಡನೆ ಬಂದ, ಬೋರ್ಡನ್ನು ಮೈಗೆ ಕಟ್ಟುವ ಸುರುಳಿ ಹಗ್ಗವನ್ನು, ಅಂದರೆ ಲೀಶನ್ನು, ಕಾಲಿಗೆ ಕಟ್ಟಿಕೊಳ್ಳದೆ ನೀರಿಗಿಳಿಯಲೇಬಾರದು ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ದಾಂಡೇಲಿಯ ಕಾಳಿಯಲ್ಲಿ ರಾಫ್ಟಿಂಗ್ ಮಾಡಿ ಅನುಭವವಿರುವ ನನ್ನ ಭಾವ, ಹರಿಯುವ ನೀರಿನಲ್ಲಿ ಕಾಲಿಗೆ ಹಗ್ಗ ಕಟ್ಟಿಕೊಂಡರೆ ಜೀವಕ್ಕೇ ಕುತ್ತು ಎನ್ನುತ್ತಾರೆ. ಯಾರ ಮಾತು ಕೇಳಲಿ? ನನ್ನ ಈಜು ಅಷ್ಟಕ್ಕಷ್ಟೇ. ಮಗಳು ಈಜುಕೊಳದಲ್ಲಿ ಚೆನ್ನಾಗಿ ಈಜುತ್ತಾಳೆ.

ಉತ್ತರ: ವಿಡಿಯೊದವರ ಮಾತೂ ಸರಿ, ನಿಮ್ಮ ಭಾವನವರ ಮಾತೂ ಸರಿ. ಇಬ್ಬರೂ ಬೇರೆ ಬೇರೆ ನೀರಿನ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದಷ್ಟೇ ನಿಮ್ಮ ಗೊಂದಲಕ್ಕೆ ಕಾರಣ. ನಿಂತ ನೀರಿನಲ್ಲಿ, ಎಂದರೆ ಕೆರೆಯಲ್ಲಿ ಅಥವಾ ಜಲಾಶಯದ ಹಿನ್ನೀರಿನಲ್ಲಿ, ಸುರುಳಿ ಲೀಶನ್ನು ಕಾಲಿಗೆ ಕಟ್ಟಿಕೊಂಡೇ ಇಳಿಯಬೇಕು. ಕಲ್ಲು, ಮರ, ಕಂಬ, ಒಡ್ಡುಗಳಿರುವ ಹರಿಯುವ ನೀರಿನಲ್ಲಿ ಅದೇ ಲೀಶನ್ನು ಕಾಲಿಗೆ ಕಟ್ಟಿಕೊಳ್ಳಲೇಬಾರದು. ಅಲ್ಲಿ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬೆಲ್ಟು ಬೇಕು. ನಿಮ್ಮ ಹಿತ್ತಲಿನ ಶಾಂಭವಿ ಸಮುದ್ರದ ಮಗ್ಗುಲಲ್ಲಿರುವುದರಿಂದ, ಕೆಲವು ಹೊತ್ತು ಕೆರೆಯಂತೆ ನಿಂತು ಕಂಡರೂ ಉಬ್ಬರ ಇಳಿತಗಳ ನಡುವೆ ಅದು ಹರಿಯುವ ನೀರೇ. ಆದ್ದರಿಂದ ನಿಮಗೆ ನಾನು ಹೇಳುವುದು ಸೊಂಟದ ಬೆಲ್ಟನ್ನು. ಇದರ ಕಾರಣ ತಿಳಿಯದಿದ್ದರೆ ಇನ್ನೊಂದು ನೀರಿನ ದಡದಲ್ಲಿ ಮತ್ತೆ ಇದೇ ಪ್ರಶ್ನೆ ಏಳುತ್ತದೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಕಾಲಿಗೆ ಕಟ್ಟುವ ಲೀಶ್ ಹುಟ್ಟಿದ್ದು ಕೆರೆಗಾಗಿಯೂ ಅಲ್ಲ, ನದಿಗಾಗಿಯೂ ಅಲ್ಲ, ಸಮುದ್ರದ ಅಲೆಗಾಗಿ. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್‌ನಲ್ಲಿ ಪ್ಯಾಟ್ ಓನೀಲ್ ಎಂಬ ಯುವಕ, ಬಿದ್ದಾಗಲೆಲ್ಲ ಸರ್ಫ್‌ಬೋರ್ಡನ್ನು ಹುಡುಕಿಕೊಂಡು ದಡದವರೆಗೆ ಈಜುವ ಕಷ್ಟ ತಪ್ಪಿಸಲು ಬೋರ್ಡಿಗೂ ತನಗೂ ರಬ್ಬರಿನ ಹುರಿ ಕಟ್ಟಿಕೊಂಡ. ಆ ಕಾಲದ ಲೀಶುಗಳು ವಿಪರೀತ ಹಿಗ್ಗುತ್ತಿದ್ದವು. ಹಾಗೆ ಹಿಗ್ಗಿದ ಹುರಿ ಬೋರ್ಡನ್ನು ತಿರುಗಿ ಎಳೆದು ಬಡಿಸಿದ್ದರಿಂದ ಅವನ ತಂದೆ, ವೆಟ್‌ಸೂಟ್ ಎಂಬ ತಣ್ಣೀರಿನ ಉಡುಪಿನ ತಯಾರಿಕೆಗೆ ಹೆಸರಾದ ಜ್ಯಾಕ್ ಓನೀಲ್, ಎಡಗಣ್ಣನ್ನು ಕಳೆದುಕೊಂಡರು. ಮುಂದೆ ಹವಾಯಿಯಲ್ಲಿ ಬೋರ್ಡಿನ ಮೇಲೆ ನಿಂತು ಹುಟ್ಟು ಹಾಕುವ ಆಟ ಬೆಳೆದು ಜಗತ್ತಿಗೆ ಹರಡಿದಾಗ, ಅಲೆಗೆ ಒಗ್ಗಿದ ಈ ಸಾಧನವೂ ಅದರ ಬೆನ್ನು ಹಿಡಿದು ಬಂತು. ಅಲೆಯ ಮೇಲೆ ಬೋರ್ಡೂ ಮನುಷ್ಯನೂ ಒಟ್ಟಿಗೆ ದಡದತ್ತ ತೇಲುತ್ತಾರೆ, ಹಗ್ಗ ಸಿಕ್ಕಿಕೊಳ್ಳಲು ನಡುವೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ನದಿಯಲ್ಲಿ ಸಿಕ್ಕಿಕೊಳ್ಳುವುದಕ್ಕೆ ಹೆಜ್ಜೆಗೊಂದು ವಸ್ತು ಇರುತ್ತದೆ. ಬೋರ್ಡು ಮಾರುವವರು ಪೆಟ್ಟಿಗೆಯೊಳಗೆ ಇವತ್ತಿಗೂ ಕಾಲಿನ ಲೀಶನ್ನೇ ಇಡುತ್ತಾರೆ. ಅದು ನಿಮ್ಮ ನೀರನ್ನು ನೋಡಿ ಇಟ್ಟದ್ದಲ್ಲ.

ಮೊದಲು ನಿಂತ ನೀರಿನ ವಿಷಯ. ನಿಮ್ಮ ಅಳತೆಯ ಬೋರ್ಡು ಸುಮಾರು ಮುನ್ನೂರು ಲೀಟರಿನಷ್ಟು ಗಾಳಿ ಹಿಡಿಯುತ್ತದೆ, ತೂಕ ಹತ್ತು ಕಿಲೋ ಆಸುಪಾಸು. ಮೇಲೆ ಮನುಷ್ಯನಿಲ್ಲದಿದ್ದರೆ ಅದು ನೀರಿನ ಮೇಲಿನ ಒಣ ಎಲೆ. ನೀವು ಆಯ ತಪ್ಪಿ ಬೀಳುವಾಗ ನಿಮ್ಮ ಕಾಲೇ ಬೋರ್ಡನ್ನು ಎರಡು ಮಾರು ದೂರ ತಳ್ಳುತ್ತದೆ. ನೀವು ಮುಳುಗಿ ಮೇಲೆದ್ದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಗಾಳಿ ಇನ್ನಷ್ಟು ಒಯ್ದಿರುತ್ತದೆ. ಲೈಫ್ ಜಾಕೆಟ್ ತೊಟ್ಟ ಸಾಧಾರಣ ಈಜುಗಾರ ಗಂಟೆಗೆ ಎರಡು ಕಿಲೋಮೀಟರ್ ವೇಗ ದಾಟುವುದು ಕಷ್ಟ, ಜೋರು ಗಾಳಿಗೆ ಸಿಕ್ಕ ಖಾಲಿ ಬೋರ್ಡು ಅದಕ್ಕಿಂತ ಬೇಗ ಜಾರುತ್ತದೆ. ಕೆರೆಯಲ್ಲಿ ಪ್ಯಾಡಲ್‌ಬೋರ್ಡಿನವರು ಅಪಾಯಕ್ಕೆ ಸಿಲುಕುವುದು ಬಿದ್ದದ್ದರಿಂದಲ್ಲ, ಬಿದ್ದ ಮೇಲೆ ಬೋರ್ಡಿನ ಬೆನ್ನಟ್ಟಿ ಈಜಿ ಸುಸ್ತಾಗುವುದರಿಂದ. ಆ ಬೆನ್ನಟ್ಟುವಿಕೆಯನ್ನು ಲೀಶ್ ತಪ್ಪಿಸುತ್ತದೆ. ಸುರುಳಿ ಲೀಶ್ ನೀರಿನಲ್ಲಿ ಎಳೆದಾಡದೆ ಬೋರ್ಡಿನ ಮೇಲೆಯೇ ಮಡಚಿಕೊಂಡಿರುವುದರಿಂದ ಅಂತರಗಂಗೆ, ತಾವರೆ ಬಳ್ಳಿಗಳಿರುವ ಕೆರೆಗೆ ಅದೇ ಒಳ್ಳೆಯದು.

ಗಾಳಿಯ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳುವುದು ಲೇಸು. ಬೋರ್ಡಿನ ಮೇಲೆ ನಿಂತ ಮನುಷ್ಯನೇ ಒಂದು ಹಾಯಿ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಗಂಟೆಗೆ ಹತ್ತು ಕಿಲೋಮೀಟರ್ ಗಾಳಿಯಲ್ಲಿ ಹಾಯಾಗಿ ಹೋದವರು ಇಪ್ಪತ್ತರ ಗಾಳಿಯಲ್ಲಿ ನಿಂತಲ್ಲೇ ಹುಟ್ಟು ಹಾಕುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಹೊಸಬರು ಹತ್ತು ಹನ್ನೆರಡರ ಮೇಲಿನ ಗಾಳಿಗೆ ಇಳಿಯಬಾರದು ಎಂಬುದು ನನ್ನ ನಿಯಮ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ನಿಮ್ಮನ್ನು ತರಲಿ. ಎಷ್ಟೋ ಜನ ಇದಕ್ಕೆ ತದ್ವಿರುದ್ಧ ಮಾಡಿ, ಗಾಳಿ ತಳ್ಳಿದತ್ತ ಅರ್ಧ ಗಂಟೆ ಹೋಗಿ, ತಮ್ಮ ಶಕ್ತಿ ಎಷ್ಟು ಚೆನ್ನಾಗಿದೆ ಎಂದು ಸಂತೋಷಪಟ್ಟು, ತಿರುಗಿದ ಮೇಲೆ ಸತ್ಯ ತಿಳಿದುಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ನಿಲ್ಲುವ ಹಟ ಬೇಡ. ಮಂಡಿಯೂರಿ, ಅದೂ ಸಾಗದಿದ್ದರೆ ಹುಟ್ಟನ್ನು ಎದೆಯಡಿ ಇಟ್ಟುಕೊಂಡು ಬೋರಲು ಮಲಗಿ ಕೈಯಿಂದ ನೀರು ಸೆಳೆಯುತ್ತ ಹತ್ತಿರದ ದಡ ಸೇರಿ. ಎಲ್ಲಿ ಹೊರಟಿರೋ ಅಲ್ಲಿಗೇ ಮರಳಬೇಕೆಂಬ ಕಟ್ಟಳೆ ಏನೂ ಇಲ್ಲ.

ಇನ್ನು ಹರಿಯುವ ನೀರು. ಇಲ್ಲಿ ಬೋರ್ಡೂ ನೀವೂ ಒಂದೇ ದಿಕ್ಕಿಗೆ ಸಾಗುತ್ತಿರುತ್ತೀರಿ, ಆದರೆ ಒಂದೇ ದಾರಿಯಲ್ಲಲ್ಲ. ನೀರಿನ ನಡುವಿನ ಕಂಬದ ಎಡಕ್ಕೆ ನೀವು, ಬಲಕ್ಕೆ ಬೋರ್ಡು ಸಾಗಿದರೆ ನಡುವಿನ ಹಗ್ಗ ಕಂಬಕ್ಕೆ ತೊಡರಿಕೊಳ್ಳುತ್ತದೆ. ಆಗ ಬೋರ್ಡು ಹರಿವಿಗೆ ಅಡ್ಡ ನಿಂತು ಒಂದು ಪುಟ್ಟ ಒಡ್ಡಿನಂತೆ ನೀರನ್ನು ತಡೆಯುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ಹರಿವಿನಲ್ಲಿ, ಎಂದರೆ ಬೀಸಿ ನಡೆಯುವವನ ವೇಗದಲ್ಲಿ, ಹಾಗೆ ಅಡ್ಡವಾದ ಬೋರ್ಡಿನ ಮೇಲೆ ಬೀಳುವ ಎಳೆತ ಸ್ಥೂಲ ಲೆಕ್ಕದಲ್ಲಿ ಮೂವತ್ತು ಕಿಲೋ ಭಾರಕ್ಕೆ ಸಮ. ಆ ಭಾರ ನಿಮ್ಮ ಕಾಲಿನ ಹರಡಿಗೆ ಜೋತು ಬಿದ್ದಿರುತ್ತದೆ, ಮೇಲಿನಿಂದ ಬರುವ ನೀರು ನಿಮ್ಮ ಬೆನ್ನನ್ನೂ ತಲೆಯನ್ನೂ ಕೆಳಕ್ಕೆ ಒತ್ತುತ್ತಿರುತ್ತದೆ. ಕಾಲಿನ ಪಟ್ಟಿಯನ್ನು ಬಿಚ್ಚಬೇಕಾದರೆ ನೀವು ಆ ಹರಿವಿಗೆ ಎದುರಾಗಿ ಮೈ ಮಡಚಿ ಹರಡಿಯನ್ನು ಮುಟ್ಟಬೇಕು. ನೆಲದ ಮೇಲೆ ಕುಳಿತು ಮಾಡಿದರೆ ಎರಡು ಸೆಕೆಂಡಿನ ಕೆಲಸ ಅದು. ಹರಿವಿನಲ್ಲಿ ಬಲಿಷ್ಠರಿಗೂ ಆಗುವುದಿಲ್ಲ. ನಾನು ಇದನ್ನು ಕಲಿತದ್ದು ಮಂಡಿಯಷ್ಟು ನೀರಿನಲ್ಲಿ. ಇಳಿತದ ಹೊತ್ತಿನಲ್ಲಿ ಬಲೆ ಕಟ್ಟುವ ಗೂಟವೊಂದಕ್ಕೆ ಲೀಶ್ ಸುತ್ತಿಕೊಂಡು, ನಿಂತುಕೊಂಡೇ ಇದ್ದ ನನ್ನನ್ನು ಕಾಲು ಸೆಳೆದು ಕೆಡವಿ, ದೋಣಿಯವರೊಬ್ಬರು ಬಂದು ಬೋರ್ಡನ್ನು ಮೇಲಕ್ಕೆ ತಳ್ಳಿ ಹಗ್ಗ ಸಡಿಲಿಸುವವರೆಗೆ ಏಳಲು ಬಿಡಲಿಲ್ಲ. ನೀರು ಎದೆಮಟ್ಟಕ್ಕಿದ್ದಿದ್ದರೆ ಈ ಉತ್ತರವನ್ನು ಬೇರೆಯವರು ಬರೆಯಬೇಕಾಗುತ್ತಿತ್ತು.

ನದಿಗೆ ಬಾಗಿ ಬಿದ್ದ ಬಿದಿರು ಮೆಳೆ, ಬುಡ ಕಳಚಿದ ಮರ ಇವು ಕಂಬಕ್ಕಿಂತ ಕೆಟ್ಟವು. ಅವು ಜರಡಿಯಿದ್ದ ಹಾಗೆ, ನೀರನ್ನು ಬಿಟ್ಟು ಮನುಷ್ಯನನ್ನು ಹಿಡಿದುಕೊಳ್ಳುತ್ತವೆ. ಇವೆಲ್ಲಕ್ಕಿಂತ ಮೋಸಗಾರ ಎಂದರೆ ತಗ್ಗಾದ ಒಡ್ಡು. 2021ರ ಅಕ್ಟೋಬರ್ 30ರಂದು ವೇಲ್ಸ್ ದೇಶದ ಹ್ಯಾವರ್‌ಫರ್ಡ್‌ವೆಸ್ಟ್ ಊರಿನ ಕ್ಲೆಡೌ ನದಿಯಲ್ಲಿ ಒಂಬತ್ತು ಜನ ಪ್ಯಾಡಲ್‌ಬೋರ್ಡ್ ಪ್ರವಾಸ ಹೊರಟಿದ್ದರು. ಜೋರು ಮಳೆಯಾಗಿ ನದಿ ತುಂಬಿತ್ತು. ಊರ ನಡುವೆ ಇರುವ ಒಡ್ಡು ಆಳೆತ್ತರವೂ ಇಲ್ಲ. ಮುಂದಿದ್ದ ನಾಯಕಿ ಒಡ್ಡಿನ ನಡುವೆ ಮೀನು ಹತ್ತಲೆಂದು ಕಟ್ಟಿದ ಇಳಿಜಾರಿನ ಮೂಲಕ ದಾಟಿದರು, ಹಿಂದಿದ್ದ ಹಲವರು ಒಡ್ಡಿನ ಮೇಲಿಂದ ಕೆಳಗೆ ಬಿದ್ದರು. ನಾಲ್ವರು ಪ್ರಾಣ ಕಳೆದುಕೊಂಡರು; ಅವರಲ್ಲಿ ಒಬ್ಬರು ಸುರಕ್ಷಿತವಾಗಿ ದಡ ಸೇರಿದ ಮೇಲೆ ಉಳಿದವರನ್ನು ಉಳಿಸಲು ಮತ್ತೆ ನೀರಿಗಿಳಿದವರು. ಬ್ರಿಟನ್ನಿನ ನೌಕಾ ಅಪಘಾತ ತನಿಖಾ ವಿಭಾಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿ ಈ ದುರಂತವನ್ನು ತಪ್ಪಿಸಬಹುದಿತ್ತು ಎಂದಿತು. ಅದು ಎತ್ತಿ ತೋರಿಸಿದ ವಿಷಯಗಳಲ್ಲಿ ಸವಾರರು ಬಳಸಿದ ಲೀಶ್ ಹರಿಯುವ ನೀರಿಗೆ ತಕ್ಕುದಲ್ಲ ಎಂಬುದೂ ಒಂದು. ಸೊಂಟದ ಬೆಲ್ಟಿನ ಮಾತು ಬಂದಾಗಲೆಲ್ಲ ಈ ಆಟವನ್ನು ಕಲಿಸುವವರು ಇವತ್ತು ನೆನೆಯುವುದು ಆ ಶನಿವಾರವನ್ನೇ.

ಒಡ್ಡು ಏಕೆ ಅಷ್ಟು ಅಪಾಯಕರ ಎಂದರೆ, ಅದರ ಮೇಲಿಂದ ಬಿದ್ದ ನೀರು ತಳಕ್ಕೆ ಇಳಿದು, ತುಸು ಮುಂದೆ ಮೇಲೆದ್ದು, ಮೇಲ್ಮೈಯಲ್ಲಿ ಒಡ್ಡಿನ ಕಡೆಗೇ ಹಿಂದಕ್ಕೆ ಹರಿಯುತ್ತದೆ. ಈ ಅಡ್ಡ ಸುಳಿಗೆ ಸಿಕ್ಕಿದ್ದು ಮರದ ದಿಮ್ಮಿಯಾದರೂ ಒಡ್ಡಿನ ಬುಡದಲ್ಲೇ ಉರುಳುತ್ತಿರುತ್ತದೆ. ನೊರೆ ತುಂಬಿದ ಆ ನೀರಿನಲ್ಲಿ ಗಾಳಿಯೇ ಹೆಚ್ಚಿರುವುದರಿಂದ ಲೈಫ್ ಜಾಕೆಟ್ಟೂ ಎಂದಿನಷ್ಟು ಎತ್ತುವುದಿಲ್ಲ. ಮೇಲಿನಿಂದ ಬರುವವರಿಗೆ ಇದೇನೂ ಕಾಣುವುದಿಲ್ಲ. ನೀರು ಒಂದು ಗೆರೆಯವರೆಗೆ ಸಪಾಟಾಗಿದ್ದು, ಆ ಗೆರೆಯಾಚೆ ದಡದ ಮರಗಳ ಬುಡ ಕಾಣದೆ ತಲೆ ಮಾತ್ರ ಕಾಣುತ್ತದೆ. ಅಂಥ ಗೆರೆ ಕಂಡೊಡನೆ, ಸದ್ದು ಕೇಳುವುದಕ್ಕೂ ಕಾಯದೆ, ದಡಕ್ಕೆ ಬನ್ನಿ. ನಮ್ಮ ಕರಾವಳಿಯಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಬಹಳಷ್ಟು ಹೊಳೆ ತೋಡುಗಳಿಗೆ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಅವುಗಳಿಗೆ ಹಲಗೆ ಹಾಕುತ್ತಾರೆ, ಮುಂದಿನ ಮಳೆಗೆ ಮೊದಲು ತೆಗೆಯುತ್ತಾರೆ. ಹಲಗೆ ಹಾಕಿ ನೀರು ಮೇಲಿಂದ ಉಕ್ಕುತ್ತಿದ್ದರೆ ಅದು ಒಡ್ಡು; ಹಲಗೆ ತೆಗೆದಿದ್ದರೆ ಪ್ರತಿ ಕಿಂಡಿಯೂ ನೀರನ್ನು ಸೆಳೆಯುವ ಬಾಯಿ. ದೀಪಾವಳಿಯ ಹೊತ್ತಿಗೆ ಯಾವ ಅಣೆಕಟ್ಟು ಯಾವ ಸ್ಥಿತಿಯಲ್ಲಿದೆ ಎಂಬುದು ಆಯಾ ಊರಿನ ಕೃಷಿಕರಿಗೆ ಗೊತ್ತಿರುತ್ತದೆ, ಅವರನ್ನೇ ಕೇಳಬೇಕು.

ಈಗ ನಿಮ್ಮ ಶಾಂಭವಿ. ಅದು ಸಸಿಹಿತ್ಲಿನ ಬಳಿ ನಂದಿನಿಯೊಡನೆ ಕೂಡಿ ಕಡಲು ಸೇರುತ್ತದೆ. ಪ್ಯಾಡಲ್‌ಬೋರ್ಡಿಗೆ ಆ ಸೀಮೆ ಹೊಸದೇನಲ್ಲ: ಮುಲ್ಕಿಯ ಆಸುಪಾಸಿನಲ್ಲಿ ಬಹಳ ವರ್ಷಗಳಿಂದ ಸರ್ಫಿಂಗ್ ಕಲಿಸುವವರಿದ್ದಾರೆ, ಈ ಆಟದಲ್ಲಿ ದೇಶಕ್ಕೆ ಹೆಸರು ತಂದ ತನ್ವಿ ಜಗದೀಶ್ ಅದೇ ನೀರಿನಲ್ಲಿ ಕಲಿತವರು, 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆ ಸಸಿಹಿತ್ಲು ಕಡಲತೀರದಲ್ಲಿ ನಡೆಯಿತು. ಆ ನೀರು ಕಲಿಯುವವರಿಗೆ ಒಳ್ಳೆಯದೇ, ಹೊತ್ತು ನೋಡಿ ಇಳಿದರೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವುಗಳ ಹೊತ್ತು ದಿನವೊಂದಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತ ಹೋಗುತ್ತದೆ. ಉಬ್ಬರದಿಂದ ಇಳಿತಕ್ಕೆ ಸಾಗುವ ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆ ಹರಿವು ಅತಿ ಜೋರು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿ ನವಮಿಗಳ ಸುಮಾರಿಗೆ ಈ ಓಡಾಟ ಕಡಿಮೆ. ಮೀನುಗಾರರು ತಿಥಿ ನೋಡಿ ನೀರಿನ ಲೆಕ್ಕ ಹೇಳುವುದು ಇದೇ ಕಾರಣಕ್ಕೆ.

ನೀವು ಆರಿಸಿಕೊಂಡಿರುವುದು ದೀಪಾವಳಿ, ಎಂದರೆ ಅಮಾವಾಸ್ಯೆ. ಹಬ್ಬದ ಎರಡು ಮೂರು ದಿನ ಹೊಳೆಯ ಓಟ ತಿಂಗಳಲ್ಲೇ ಅತಿ ಜೋರಾಗಿರುತ್ತದೆ. ಹಿಂಗಾರಿನ ಮಳೆ ಸುರಿದಿದ್ದರೆ ಘಟ್ಟದ ಕಡೆಯ ನೀರೂ ಇಳಿತದ ಜೊತೆ ಸೇರಿ ಕಡಲಿನತ್ತ ಎಳೆಯುತ್ತದೆ. ಇದರ ಜೊತೆಗೆ ಇನ್ನೊಂದು ವಿಷಯ: ಮಳೆಗಾಲ ಕಳೆದ ಮೇಲೆ ನಮ್ಮ ತೀರದಲ್ಲಿ ಬೆಳಗಿನ ಜಾವದಿಂದ ನೆಲದ ಗಾಳಿ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ. ಹೊತ್ತೇರಿ ನೆಲ ಕಾದ ಮೇಲೆಯೇ ಅದು ತಿರುಗಿ ಕಡಲ ಗಾಳಿಯಾಗುವುದು. ಆದ್ದರಿಂದ ಬೆಳಗ್ಗೆ ಏಳು ಗಂಟೆಗೆ ಕನ್ನಡಿಯಂತೆ ಕಾಣುವ ಹೊಳೆಯಲ್ಲಿ, ಅದು ಇಳಿತದ ಹೊತ್ತಾಗಿದ್ದರೆ, ನೀರೂ ಗಾಳಿಯೂ ಒಂದಾಗಿ ನಿಮ್ಮನ್ನು ಹೊಳೆ ಕಡಲು ಸೇರುವ ಅಳಿವೆ ಬಾಗಿಲಿಗೆ ಒಯ್ಯುತ್ತಿರುತ್ತವೆ. ಸದ್ದಿಲ್ಲ, ಅಲೆಯಿಲ್ಲ, ಮೈಗೆ ಗೊತ್ತೂ ಆಗುವುದಿಲ್ಲ. ಅಳಿವೆಯಲ್ಲಿ ಹೊರಹೋಗುವ ಹರಿವಿಗೆ ಒಳಬರುವ ಕಡಲಲೆ ಎದುರಾಗಿ ಕಡಿದಾಗಿ ಒಡೆಯುತ್ತದೆ. ಹಳೆಯ ಮೀನುಗಾರರೂ ಹೊತ್ತು ನೋಡಿ ದಾಟುವ ಜಾಗ ಅದು, ಕಲಿಯುವವರದ್ದಲ್ಲ. ನನ್ನ ಸಲಹೆ ಇಷ್ಟು: ಹಬ್ಬ ಕಳೆದು ಒಂದು ವಾರದ ಮೇಲೆ, ಅಷ್ಟಮಿಯ ಸುಮಾರಿಗೆ, ಬೆಳಗ್ಗೆ ನೀರು ಏರುತ್ತಿರುವ ದಿನವನ್ನು ಆರಿಸಿಕೊಳ್ಳಿ, ಅಳಿವೆಯಿಂದ ಆದಷ್ಟು ಮೇಲೆ, ಹರಿವು ನಿಧಾನವಿರುವ ತಿರುವಿನ ಒಳಬದಿಯಲ್ಲಿ ಇಳಿಯಿರಿ, ಉಬ್ಬರ ತುಂಬುವ ಮೊದಲೇ ನೀರಿನಿಂದ ಹೊರಗೆ ಬನ್ನಿ. ಏರುವ ನೀರು ನಿಮ್ಮನ್ನು ಊರಿನ ಕಡೆಗೆ ತಳ್ಳುತ್ತದೆ, ತಪ್ಪಿದರೂ ತಪ್ಪುವುದು ತೋಟದ ದಂಡೆಗೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪ್ರಕಟಿಸುವ ಕಡಲ ಮುನ್ಸೂಚನೆಗಳನ್ನೂ ಉಬ್ಬರದ ಪಟ್ಟಿಯನ್ನೂ ನೋಡಿಕೊಳ್ಳಿ. ಪಟ್ಟಿಯ ಹೊತ್ತು ಬಂದರಿನದು, ಹೊಳೆಯ ಮೇಲ್ಭಾಗಕ್ಕೆ ನೀರು ಏರುವುದು ಅದಕ್ಕಿಂತ ತಡ.

ಅಲ್ಲಿ ಲೀಶಿಗೆ ತೊಡರುವ ವಸ್ತುಗಳೆಂದರೆ ಬಲೆ ಗೂಟ, ಸೇತುವೆಯ ಕಂಬ, ಲಂಗರು ಹಾಕಿದ ದೋಣಿಯ ಹಗ್ಗ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರು. ಇವುಗಳ ಮೇಲ್ಬದಿಯಲ್ಲಿ ಅಭ್ಯಾಸ ಮಾಡಬೇಡಿ. ಮೀನುಗಾರರ ಬಲೆಯಿಂದ ದೂರವಿರುವುದು ಸೌಜನ್ಯವೂ ಹೌದು, ಯಂತ್ರದ ದೋಣಿ ಬಂದಾಗ ಮಂಡಿಯೂರಿ ಅದರ ಅಲೆಗೆ ಮುಖ ಮಾಡಿ ಕುಳಿತುಕೊಳ್ಳುವುದು ಅಗತ್ಯವೂ ಹೌದು. ಬಂಡೆಗಂಟಿದ ಚಿಪ್ಪುಗಳು ಅಂಗಾಲನ್ನು ಬ್ಲೇಡಿನಂತೆ ಸೀಳುತ್ತವೆಯಾದ್ದರಿಂದ ಹಳೆಯ ಕ್ಯಾನ್‌ವಾಸ್ ಬೂಟು ಹಾಕಿಕೊಳ್ಳಿ. ಮಳೆ ಸುರಿದ ವಾರದಲ್ಲಿ, ಮೈಮೇಲೆ ತೆರೆದ ಗಾಯವಿದ್ದರೆ, ಇಳಿಯಲೇಬೇಡಿ. ನಮ್ಮ ಜಿಲ್ಲೆಗಳಲ್ಲಿ ಇಲಿ ಜ್ವರ ಅಪರೂಪದ ರೋಗವಲ್ಲ. ಹಿಂಗಾರಿನ ಸಂಜೆಗಳಲ್ಲಿ ಗುಡುಗು ಸಾಮಾನ್ಯ. ಮೊದಲ ಗುಡುಗು ಕೇಳಿದ ಕೂಡಲೇ ದಡ ಸೇರಿ, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾಯಬೇಕು.

ನೀವು ಕೇಳದಿದ್ದರೂ ಬೋರ್ಡಿನ ಬಗ್ಗೆ ಎರಡು ಮಾತು. ಅಳತೆ ಸರಿಯಾಗಿದೆ. ಗಾಳಿಯನ್ನು ಕವಾಟದ ಬಳಿ ಬರೆದಿರುವಷ್ಟು, ಹೆಚ್ಚಿನ ಬೋರ್ಡುಗಳಿಗೆ ಒತ್ತಡದ ಅಳತೆಯಲ್ಲಿ 12ರಿಂದ 15 ಪಿಎಸ್‌ಐ, ತುಂಬಿ. ಕೈಪಂಪಿನಲ್ಲಿ ಕೊನೆಯ ಭಾಗವೇ ಕಷ್ಟವಾದ್ದರಿಂದ ಬಹಳ ಜನ ಎಂಟಕ್ಕೇ ನಿಲ್ಲಿಸಿ, ನಡು ಬಗ್ಗಿದ ಬೋರ್ಡಿನ ಮೇಲೆ ತೂರಾಡುತ್ತ ತಮ್ಮ ಸಮತೋಲನವನ್ನು ಬೈದುಕೊಳ್ಳುತ್ತಾರೆ. ತುಂಬಿದ ಬೋರ್ಡನ್ನು ಬಿಸಿಲಿನ ಮರಳಿನ ಮೇಲೆ ಬಿಡಬೇಡಿ. ಹುಟ್ಟಿನ ಉದ್ದ ನಿಮ್ಮ ಎತ್ತರಕ್ಕಿಂತ ಒಂದು ಗೇಣು ಹೆಚ್ಚಿರಲಿ, ಅದರ ಅಲಗು ಮುಂದಕ್ಕೆ ವಾಲಿರುವಂತೆ ಹಿಡಿಯಿರಿ. ಅನ್ನ ಬಡಿಸುವ ಸೌಟಿನಂತೆ ಅಲಗಿನ ತಗ್ಗು ನಿಮ್ಮ ಕಡೆಗಿರಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ, ಅದು ತಪ್ಪು. ತಳದ ಫಿನ್, ಎಂದರೆ ಮೀನಿನ ಈಜುರೆಕ್ಕೆಯಂಥ ಭಾಗ, ಮರಳು ದಿಬ್ಬಕ್ಕೆ ತಾಗಿದರೆ ಬೋರ್ಡು ಗಕ್ಕನೆ ನಿಂತು ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ತೆಳು ನೀರಿಗೆ ಬಂದೊಡನೆ ಮಂಡಿಯೂರುವುದು ಅದಕ್ಕೆ.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಲೀಶ್ ಇರಲಿ ಬಿಡಲಿ, ಅದು ಮೈಮೇಲೆ ಇರಬೇಕು, ಬೋರ್ಡಿನ ಮೇಲಿನ ಬಲೆಗೆ ಸಿಕ್ಕಿಸಿಕೊಂಡು ಅಲ್ಲ. ಅಮೆರಿಕದ ಕರಾವಳಿ ಕಾವಲು ಪಡೆ 2008ರಲ್ಲೇ, ಸರ್ಫಿಂಗ್, ಈಜು ನಡೆಯುವ ಜಾಗದ ಹೊರಗೆ ಪ್ಯಾಡಲ್‌ಬೋರ್ಡನ್ನು ಆಟಿಕೆಯಾಗಿ ಅಲ್ಲ, ನೌಕೆಯಾಗಿ ಪರಿಗಣಿಸಿ ಲೈಫ್ ಜಾಕೆಟ್ ಜೊತೆಗಿರುವುದನ್ನು ಕಡ್ಡಾಯ ಮಾಡಿತು. ಹುಟ್ಟು ಹಾಕುವವರು ತೊಡುವ, ತೋಳು ಆಡಲು ಬಿಡುವ 50 ನ್ಯೂಟನ್ ತೇಲುಬಲದ ಜಾಕೆಟ್ ಈಜು ಬಲ್ಲವರಿಗೆ ಸಾಕು. ಆದರೆ ಎಚ್ಚರ ತಪ್ಪಿದವರನ್ನು ಅದು ಮುಖ ಮೇಲಾಗಿ ತಿರುಗಿಸುವುದಿಲ್ಲ. ನಿಮ್ಮ ಈಜು ಅಷ್ಟಕ್ಕಷ್ಟೇ ಎಂದು ಬರೆದಿದ್ದೀರಿ. ಹಾಗಿರುವಾಗ ಕುತ್ತಿಗೆಯ ಹಿಂದೆ ದಿಂಬಿರುವ, 100 ನ್ಯೂಟನ್ನಿನ ಜಾಕೆಟ್ ನಿಮಗೆ ತಕ್ಕದ್ದು, ತುಸು ಅಡ್ಡಿಯಾದರೂ ಸರಿ. ಗುಂಡಿ ಹಿಡಿದು ಎಳೆದರೆ ಗಾಳಿ ತುಂಬಿಕೊಳ್ಳುವ ಸೊಂಟದ ಚೀಲ ಹೊಸಬರಿಗೆ ಬೇಡ. ಮಗಳ ಈಜುಕೊಳದ ಈಜಿನ ಬಗ್ಗೆ ಹೆಮ್ಮೆಪಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಅಲ್ಲಿ ನೀರು ನಿಂತಿರುತ್ತದೆ, ತಳ ಕಾಣುತ್ತದೆ, ಹಿಡಿಯಲು ಅಂಚು ಇಪ್ಪತ್ತೈದು ಮೀಟರಿನೊಳಗೆ ಇರುತ್ತದೆ.

ನಿಮ್ಮಲ್ಲಿರುವುದು ಒಂದೇ ಬೋರ್ಡು ಎಂದರೆ ಒಬ್ಬರು ನೀರಿನಲ್ಲಿ, ಇನ್ನೊಬ್ಬರು ದಡದಲ್ಲಿ. ದಡದಲ್ಲಿರುವವರು ಅಷ್ಟಕ್ಕಷ್ಟೇ ಈಜು ಬಲ್ಲ ತಂದೆಯಾದರೆ ಏನಾದರೂ ಆದಾಗ ನೀರಿಗೆ ಹಾರುವುದೇ ಎರಡನೆಯ ಅನಾಹುತ. ಅದಕ್ಕೆ ಬದಲಾಗಿ ಹೊಳೆಯ ನಾಡಿ ಬಲ್ಲ ಊರಿನ ದೋಣಿಯವರೊಬ್ಬರನ್ನು ಬೆಳಗಿನ ಮಟ್ಟಿಗೆ ಗೊತ್ತು ಮಾಡಿಕೊಂಡು, ನೀವು ಜಾಕೆಟ್ ತೊಟ್ಟು ಅವರ ದೋಣಿಯಲ್ಲಿ ಕುಳಿತು ಮಗಳ ಜೊತೆಜೊತೆಗೇ ಸಾಗಿ. ಆ ಖರ್ಚು ಯಾವ ಸಲಕರಣೆಯ ಖರ್ಚಿಗಿಂತಲೂ ಸಾರ್ಥಕ. ಮೊದಲ ಅರ್ಧ ಗಂಟೆ ಮಂಡಿಯ ಮೇಲೆಯೇ ಸಾಗಿ, ಬೀಳುವುದನ್ನು ಕಲಿಯಿರಿ: ಬೋರ್ಡಿನ ಮೇಲಲ್ಲ, ಪಕ್ಕದ ನೀರಿಗೆ, ಬೆನ್ನು ಅಥವಾ ಮಗ್ಗುಲಾಗಿ ಚಪ್ಪಟೆ ಬೀಳಬೇಕು, ತಲೆ ಕೆಳಗಾಗಿ ಎಂದಿಗೂ ಬೇಡ. ಮತ್ತೆ ಹತ್ತುವಾಗ ನಡುವಿನ ಹಿಡಿಯನ್ನು ಹಿಡಿದು, ಕಾಲನ್ನು ಹಿಂದಕ್ಕೆ ಚಾಚಿ ನೀರು ಒದೆಯುತ್ತ, ಹೊಟ್ಟೆಯ ಮೇಲೆ ಜಾರಿ ಏರಬೇಕು. ತೋಳಿನ ಬಲದಿಂದ ಏರಲು ಹೋದರೆ ಬೋರ್ಡು ಮಗುಚಿ ನಿಮ್ಮ ಮೇಲೆಯೇ ಬರುತ್ತದೆ.

ಮೈಸೂರಿನ ಬಳಿಯ ಕಾವೇರಿಯ ಬಗ್ಗೆ ನನ್ನ ಉತ್ತರ ಬೇಡ ಎಂದೇ. ಕೃಷ್ಣರಾಜಸಾಗರದ ಕೆಳಗೆ ನದಿ ನೋಡಲು ಸೌಮ್ಯ, ಆದರೆ ಅಲ್ಲಿಂದ ಶ್ರೀರಂಗಪಟ್ಟಣದವರೆಗೆ ಹಳೆಯ ಕಾಲದ ಅಣೆಗಳು ಒಂದರ ಮೇಲೊಂದು ಇವೆ. ಜನ ಜಲಪಾತವೆಂದು ನೋಡಲು ಹೋಗುವ ಬಲಮುರಿ ನಾನು ಮೇಲೆ ವಿವರಿಸಿದ ಒಡ್ಡೇ. ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿಯ ಸ್ವರೂಪವೇ ಬದಲಾಗುತ್ತದೆ, ರಂಗನತಿಟ್ಟಿನ ಸುತ್ತ ಮೊಸಳೆಗಳಿವೆ. ಭಾವನವರು ಇಳಿದ ಕಾಳಿಯೂ ಹಾಗೆಯೇ. ಗಣೇಶಗುಡಿಯ ರಾಫ್ಟಿಂಗ್ ನಡೆಯುವುದು ಸೂಪಾ ಅಣೆಕಟ್ಟು ಬಿಡುವ ನೀರಿನಲ್ಲಿ, ಅಲ್ಲಿ ಮಾರ್ಗದರ್ಶಕರಿಗೆ ನೀರು ಬಿಡುವ ಹೊತ್ತು ಗೊತ್ತಿರುತ್ತದೆ. ನಿಮಗೆ ಬೆಂಗಳೂರಿನ ಕಡೆ ಅಭ್ಯಾಸ ಬೇಕಿದ್ದರೆ ಶುದ್ಧವಾದ ನಿಂತ ನೀರು ಹುಡುಕಿ, ಅದರ ಒಡೆತನವಿರುವ ಇಲಾಖೆಯ ಅನುಮತಿ ಕೇಳಿ. ಆ ಕೆಲಸಕ್ಕೆ ಬೇಕಾದ ತಾಳ್ಮೆ ಬೋರ್ಡಿನ ಮೇಲೆ ನಿಲ್ಲಲು ಬೇಕಾದದ್ದಕ್ಕಿಂತ ಹೆಚ್ಚು. ನಗರದ ಕೊಳಚೆ ಸೇರುವ ಕೆರೆಗಳು ಮಾತ್ರ ಅನುಮತಿ ಸಿಕ್ಕರೂ ಬೇಡ. ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಹೊಳೆಗೂ ಬೇಡ.

ಕೊನೆಗೆ ಬೆಲ್ಟು ಕೊಳ್ಳುವ ವಿಷಯ. ಅಂಗಡಿಯಲ್ಲಿ ಕ್ವಿಕ್ ರಿಲೀಸ್ ಬೆಲ್ಟ್ ಎಂದು ಕೇಳಿ. ಎಳೆಯುವ ಗುಂಡು ಅಥವಾ ಪಟ್ಟಿ ಹೊಟ್ಟೆಯ ಮುಂದೆ ಇರಬೇಕು, ಎಡಗೈಗೂ ಬಲಗೈಗೂ ಸಿಗಬೇಕು, ಎಳೆದೊಡನೆ ಬೆಲ್ಟು ಪೂರ್ತಿ ಬಿಚ್ಚಿ ಲೀಶಿನ ಜೊತೆ ಹೋಗಬೇಕು. ನಿಮ್ಮ ಈಗಿನ ಸುರುಳಿ ಲೀಶನ್ನೇ ಅದರ ಬಳೆಗೆ ಜೋಡಿಸಬಹುದು. ಬೆಲ್ಟು ಜಾಕೆಟ್ಟಿನ ಮೇಲಿರಲಿ, ಅಂಗಿ ಅಥವಾ ಜಾಕೆಟ್ಟಿನ ಅಂಚು ಗುಂಡನ್ನು ಮುಚ್ಚದಿರಲಿ. ಬೆಲ್ಟಿನ ಉಳಿದ ಬಾಲವನ್ನು ಎಲ್ಲಿಯೂ ಸಿಕ್ಕಿಸಬೇಡಿ, ಗಂಟು ಹಾಕಬೇಡಿ. ಕೊಂಡ ಮೇಲೆ ದಡದಲ್ಲಿ ಇಬ್ಬರೂ ಪರೀಕ್ಷಿಸಿ: ಒಬ್ಬರು ಲೀಶನ್ನು ಹಿಂದಿನಿಂದ ಬಲವಾಗಿ ಜಗ್ಗುತ್ತಿರುವಾಗ ಇನ್ನೊಬ್ಬರು ಕಣ್ಣು ಮುಚ್ಚಿಕೊಂಡು, ಮೊದಲು ಒಂದು ಕೈಯಿಂದ, ಆಮೇಲೆ ಇನ್ನೊಂದು ಕೈಯಿಂದ ಬಿಚ್ಚಬೇಕು. ಅಗ್ಗದ ಕೆಲವು ಬಕಲುಗಳು ಜಗ್ಗದಿದ್ದಾಗ ಸಲೀಸಾಗಿ ಬಿಚ್ಚಿ, ಜಗ್ಗಿದಾಗ ಕಚ್ಚಿಕೊಳ್ಳುತ್ತವೆ. ಅಂಥದ್ದನ್ನು ಅಂಗಡಿಗೆ ಹಿಂದಿರುಗಿಸಿ. ಮಂಡಿಮಟ್ಟದ ನಿಂತ ನೀರಿನಲ್ಲೂ ಇದನ್ನು ಹತ್ತಾರು ಬಾರಿ ಮಾಡಿ, ಹೊಳೆಯ ಉಪ್ಪು ನೀರಿನಿಂದ ಬಂದ ದಿನ ಬಕಲನ್ನು ಬಾವಿ ನೀರಿನಲ್ಲಿ ತೊಳೆದು ಒಣಗಿಸಿ. ಮರಳಿನ ಕಣವೊಂದು ಒಳಗೆ ಕುಳಿತರೂ ಅದು ಕಚ್ಚಿಕೊಳ್ಳುತ್ತದೆ.